ಧರಣಿಯವರ ದಿನದ ರಿಲೀಸ್

೨೦೨೪ರ ಮಾರ್ಚ್ ಹನ್ನೆರಡು, ಮಂಗಳವಾರ. ಬೆಳಿಗ್ಗೆ ಒಂಬತ್ತು ಇಪ್ಪತ್ತಕ್ಕೆ ಧರಣಿ ಸರಸ್ವತಿಪುರಂನ ತಮ್ಮ ಆಫೀಸಿನಲ್ಲಿ ಕುರ್ಚಿ ಹತ್ತಿ ನಿಂತು ಗೋಡೆಗೆ ಡ್ರಾಯಿಂಗ್ ಹಾಳೆ ಅಂಟಿಸುತ್ತಿದ್ದರು. ಹಾಳೆಯ ಮೇಲೆ ಸ್ಕೇಲಿಟ್ಟು ಎಳೆದ ನಲವತ್ತೊಂದು ಚೌಕಗಳಿದ್ದವು. ಒಂದು ಚೌಕಕ್ಕೆ ಒಂದು ದಿನ.

ಆ ಆಫೀಸಿನಲ್ಲಿರುವುದು ಹದಿನೆಂಟು ಜನ. ರಕ್ತಪರೀಕ್ಷೆ ಮಾಡುವ ಸಣ್ಣ ಲ್ಯಾಬುಗಳಿಗೆ ಅವರು ಸಾಫ್ಟ್‌ವೇರ್ ಮಾಡಿಕೊಡುತ್ತಾರೆ. ಉಳಿದವರು ಬರೆದದ್ದನ್ನು ಲ್ಯಾಬಿಗೆ ಕಳಿಸುವ ಮುನ್ನ ಪರೀಕ್ಷಿಸಿ ನೋಡುವುದು ಧರಣಿಯವರ ಪಾಲಿನ ಕೆಲಸ. ವಯಸ್ಸು ನಲವತ್ತನಾಲ್ಕು, ಓದಿದ್ದು ಕೆಮಿಸ್ಟ್ರಿ. ಏನೇನು ನೋಡಬೇಕು ಎಂಬುದರ ಪಟ್ಟಿಯೊಂದು ಅವರ ನೋಟ್‌ಬುಕ್ಕಿನಲ್ಲಿತ್ತು, ಒಟ್ಟು ನೂರ ಎಂಬತ್ತಾರು ಬಾಬತ್ತು. ಪ್ರತಿಯೊಂದೂ ಎಂದೋ ಆದ ಒಂದು ಎಡವಟ್ಟಿನಿಂದ ಹುಟ್ಟಿದ್ದು.

ಮಾಲೀಕರಾದ ಚಂದ್ರಮೌಳಿ ಒಳಗೆ ಬಂದವರು ಹಾಳೆಯ ಮುಂದೆ ನಿಂತರು.

“ಏನ್ರೀ ಧರಣಿ, ಕ್ಯಾಲೆಂಡರಾ? ಒಂದು ಹಬ್ಬಾನೂ ಕಾಣ್ತಿಲ್ವಲ್ಲ?”

“ಹಬ್ಬ ಇಲ್ಲ ಸಾರ್. ಚೆಲುವರಾಜು ನಮಗೋಸ್ಕರ ಕಾದ ದಿನಗಳು.”

ಚೆಲುವರಾಜು ಮಂಡಕಳ್ಳಿಯಲ್ಲಿ ಪುಟ್ಟ ಲ್ಯಾಬ್ ಇಟ್ಟುಕೊಂಡಿದ್ದಾರೆ. ಲ್ಯಾಬುಗಳಿಗೆ ಹಿಂದಿನ ಸಲ ಕಳಿಸಿದ ರಿಲೀಸ್‌ನಲ್ಲಿ ನುಸುಳಿದ ಒಂದು ತಪ್ಪಿನಿಂದ ಅವರ ಲ್ಯಾಬಿನ ಮಕ್ಕಳ ರಿಪೋರ್ಟುಗಳಲ್ಲಿ ಹಿಮೋಗ್ಲೋಬಿನ್ ಎದುರಿಗೆ ವಯಸ್ಕ ಗಂಡಸರ ಅಳತೆ, ಅಂದರೆ ಹದಿಮೂರರಿಂದ ಹದಿನೇಳು, ಅಚ್ಚಾಗತೊಡಗಿತ್ತು. ಹನ್ನೊಂದು ಪಾಯಿಂಟ್ ಎಂಟು ಇರುವ ಆರೋಗ್ಯವಂತ ಮಗುವಿಗೂ ‘ಕಡಿಮೆ’ ಎಂದು ದಪ್ಪಕ್ಷರದಲ್ಲಿ ಬರುತ್ತಿತ್ತು. ತಾಯಂದಿರು ಗಾಬರಿಯಾಗುತ್ತಿದ್ದರು. ಚೆಲುವರಾಜು ಪ್ರತಿ ರಿಪೋರ್ಟಿನಲ್ಲೂ ಅದನ್ನು ಪೆನ್ನಿನಿಂದ ಹೊಡೆದು, ಪಕ್ಕದಲ್ಲಿ ಸರಿಯಾದ ಅಳತೆ ಬರೆದು ಸಹಿ ಹಾಕುತ್ತಿದ್ದರು. ಎರಡು ದಿನಕ್ಕೊಮ್ಮೆ ಫೋನು ಮಾಡುತ್ತಿದ್ದರು: “ಮೇಡಂ, ಇವತ್ತಾದ್ರೂ ಬಂತಾ? ನನ್ನ ಸಹೀನೇ ನಂಗೆ ಬೇಜಾರಾಗೋಯ್ತು ಕಣ್ರೀ.”

ತಿದ್ದಬೇಕಾಗಿದ್ದದ್ದು ಒಂದೇ ಸಾಲು. ಅದು ಲ್ಯಾಬ್ ಮುಟ್ಟಲು ನಲವತ್ತೊಂದು ದಿನ ಹಿಡಿದದ್ದು ಹೇಗೆಂದು ಧರಣಿ ಲೆಕ್ಕ ಹಾಕಿದ್ದರು. ಒಂಬತ್ತು ದಿನ ಅದು ಪಟ್ಟಿಯಲ್ಲಿ ತನ್ನ ಸರದಿಗೆ ಕಾದಿತ್ತು. ಹದಿನಾಲ್ಕು ದಿನ ಉಳಿದ ಬದಲಾವಣೆಗಳೂ ಮುಗಿಯಲಿ ಎಂದು ಕಾದಿತ್ತು. ಆರು ದಿನ ಧರಣಿಯವರ ಮೇಜಿನ ಮೇಲೇ ಬಿದ್ದಿತ್ತು. ಈ ಆರನ್ನು ಅವರು ಉಳಿದವಕ್ಕಿಂತ ದಪ್ಪಗೆ ಬರೆದಿದ್ದರು. ಕೊನೆಯ ಹನ್ನೆರಡು ದಿನ ಮೂರು ತಿಂಗಳಿಗೊಮ್ಮೆ ಬರುವ ರಿಲೀಸ್ ಶನಿವಾರಕ್ಕಾಗಿ ಕಾದದ್ದು.

“ಮತ್ತೆ ಕೆಲಸ ಎಷ್ಟು ಹೊತ್ತಿನದು?” ಚಂದ್ರಮೌಳಿ ಕೇಳಿದರು.

“ಎಲ್ಲಾ ಸೇರಿ ಮೂರು ಗಂಟೆ ಸಾರ್.”

ಚಂದ್ರಮೌಳಿ ಕನ್ನಡಕ ತೆಗೆದು ಒರೆಸಿಕೊಂಡರು. ಧರಣಿ ಕೇಳಿದ್ದು ಇಷ್ಟೆ: ಮೂರು ತಿಂಗಳ ಮೂಟೆ ಕಟ್ಟುವುದು ಬೇಡ, ಸಿದ್ಧವಾದದ್ದನ್ನು ಸಿದ್ಧವಾದ ದಿನವೇ ಕಳಿಸೋಣ.

“ಮೂರು ತಿಂಗಳಿಗೊಂದು ಕಳ್ಸಿದ್ರೇನೇ ಏನಾದ್ರೊಂದು ಮುರಿಯುತ್ತೆ. ದಿನಾ ಕಳ್ಸಿದ್ರೆ ದಿನಾ ಮುರಿಯಲ್ವೇನ್ರೀ?”

“ಎರಡು ಗಂಟೆಗೊಂದು ಬಸ್ ಬಂದ್ರೆ ಜನ ಫುಟ್‌ಬೋರ್ಡಲ್ಲಿ ನೇತಾಡ್ತಾರೆ ಸಾರ್, ಯಾರೋ ಒಬ್ರು ಬೀಳ್ತಾರೆ. ಹತ್ತು ನಿಮಿಷಕ್ಕೊಂದು ಬಂದ್ರೆ ಎಲ್ರೂ ಕೂತ್ಕೊಂಡೇ ಹೋಗ್ತಾರೆ.”

ಚಂದ್ರಮೌಳಿ ನಕ್ಕರು, ಆದರೆ ಸುಲಭಕ್ಕೆ ಒಪ್ಪಲಿಲ್ಲ. ಒಂದು ವಾರ ಯೋಚಿಸಿ ಷರತ್ತು ಹಾಕಿದರು. ಜೂನ್‌ನಿಂದ ಮೂರು ತಿಂಗಳು ನೋಡೋಣ. ಅಷ್ಟರೊಳಗೆ ನಮ್ಮ ತಪ್ಪಿನಿಂದ ಯಾವುದೇ ಲ್ಯಾಬ್ ಐದು ನಿಮಿಷಕ್ಕಿಂತ ಹೆಚ್ಚು ನಿಂತರೆ ಅವತ್ತೇ ಹಳೇ ಪದ್ಧತಿಗೆ ವಾಪಸ್.

ದಿನವೂ ಕಳಿಸಬೇಕಾದರೆ ನೂರ ಎಂಬತ್ತಾರು ಬಾಬತ್ತನ್ನೂ ದಿನವೂ ನೋಡಬೇಕು. ಕೈಯಲ್ಲಿ ಆಗುವ ಮಾತಲ್ಲ, ಕಂಪ್ಯೂಟರೇ ನೋಡಿಕೊಳ್ಳಬೇಕು. ಅದಕ್ಕೆ ಬೇಕಾದ ಕೋಡ್ ಬರೆಯುವುದನ್ನು ಧರಣಿ ಕಲಿತರು. ಗುರು ಶಿವಕಿರಣ್, ವಯಸ್ಸು ಇಪ್ಪತ್ತಾರು, ಅವರ ಎದುರಿನ ಸೀಟು. ಇದಕ್ಕೆಲ್ಲ ಕಂಟಿನ್ಯುಯಸ್ ಡೆಲಿವರಿ ಎಂಬ ದೊಡ್ಡ ಹೆಸರಿದೆ ಎಂದು ಅವನು ಹೇಳಿಕೊಟ್ಟಿದ್ದ. ಆಫೀಸಿನಲ್ಲಿ ಮಾತ್ರ ಅದು ‘ದಿನದ ರಿಲೀಸ್’ ಎಂದೇ ಆಯಿತು.

“ಅಕ್ಕಾ, ನಿಮ್ಮ ಕೆಲಸಾನೆಲ್ಲ ಕಂಪ್ಯೂಟರ್‌ಗೆ ಕೊಟ್ಬುಟ್ರೆ ನೀವೇನ್ಮಾಡ್ತೀರ?” ಎಂದು ಅವನು ಕಾಡಿಸಿದ.

“ನಿನ್ನ ತಪ್ಪು ಹುಡುಕ್ತೀನಿ ಕಣೋ. ಇನ್ನೂ ಇಪ್ಪತ್ತು ವರ್ಷಕ್ಕಾಗೋಷ್ಟಿದೆ.”

ದಿನಕ್ಕೆ ನಾಲ್ಕು ಬಾಬತ್ತು. ನಲವತ್ತೇಳನೆಯ ದಿನ ನೋಟ್‌ಬುಕ್ಕಿನ ಕೊನೆಯ ಸಾಲಿಗೂ ಟಿಕ್ ಬಿತ್ತು.

ಜೂನ್ ಮೊದಲ ಸೋಮವಾರದಿಂದ ದಿನಕ್ಕೊಂದೆರಡು ಸಣ್ಣ ಬದಲಾವಣೆಗಳು ಹೋಗತೊಡಗಿದವು. ಎರಡು ವಾರ ಸುಸೂತ್ರವಾಗಿ ಕಳೆಯಿತು. ಮೂರನೇ ವಾರದ ಗುರುವಾರ ಹನ್ನೊಂದು ನಲವತ್ತೆರಡಕ್ಕೆ ಕಳಿಸಿದ ಬದಲಾವಣೆಯ ಹಿಂದೆಯೇ ಪರದೆಯ ಮೇಲೆ ಕೆಂಪು ಬಂತು. ಮಂಡಕಳ್ಳಿಯ ಲ್ಯಾಬಿನಲ್ಲಿ ರಕ್ತದ ಟ್ಯೂಬಿಗೆ ಅಂಟಿಸುವ ಚೀಟಿ ಅಚ್ಚಾಗುತ್ತಿರಲಿಲ್ಲ. ಚೀಟಿಯಿಲ್ಲದೆ ರಕ್ತ ತೆಗೆಯುವಂತಿಲ್ಲ.

“ಮೊದ್ಲು ಹಿಂದಿನದನ್ನ ವಾಪಸ್ ಹಾಕು. ಯಾಕಾಯ್ತು ಅಂತ ಆಮೇಲೆ ನೋಡೋಣ,” ಎಂದರು ಧರಣಿ. ಶಿವಕಿರಣ್ ಹಾಕಿದ. ಕೆಂಪು ಹೋಯಿತು. ಧರಣಿ ಚೆಲುವರಾಜುಗೆ ಫೋನು ಮಾಡಿದರು.

“ಹೌದಾ ಮೇಡಂ? ಪ್ರಿಂಟರ್ ಮುನಿಸ್ಕೊಂಡಿದೆ ಅನ್ಕೊಂಡೆ. ತಲೆ ಮೇಲೊಂದು ತಟ್ಟಿದೆ, ಸರಿಹೋಯ್ತು. ಹುಚ್ಚಯ್ಯ ಅಂತ ಒಬ್ರು ತಾತ ಬಂದವ್ರೆ, ಅವರ ಚೀಟೀಗೇ ನಿಂತ್ಕೊಂಡಿದ್ದು.”

ಹುಚ್ಚಯ್ಯ. ಹಿಂದೆ ಮುಂದೆ ಏನೂ ಇಲ್ಲದ ಒಂಟಿ ಹೆಸರು. ಹೊಸ ಬದಲಾವಣೆ ಹೆಸರಿನ ಜೊತೆ ಇನಿಷಿಯಲ್ ಹುಡುಕಿ, ಸಿಗದೆ ಅಲ್ಲೇ ನಿಂತುಬಿಟ್ಟಿತ್ತು. ಕಂಪ್ಯೂಟರ್‌ಗೆ ಪರೀಕ್ಷೆಗೆಂದು ಧರಣಿ ಕೊಟ್ಟಿದ್ದ ರೋಗಿಗಳ ಹೆಸರಿಗೆಲ್ಲ ಇನಿಷಿಯಲ್ ಇತ್ತು. ಅವರ ಸ್ವಂತ ತಾಯಿಯ ಆಧಾರ್ ಕಾರ್ಡಿನಲ್ಲಿ ಇರುವುದು ಬರೀ ಸಾಕಮ್ಮ ಎಂದು. ಮನೆಯಲ್ಲೇ ಇದ್ದ ಹೆಸರು ಪಟ್ಟಿಯಲ್ಲಿ ಇರಲಿಲ್ಲ. ಧರಣಿ ಆ ಹೆಸರನ್ನು ನೂರ ಎಂಬತ್ತೇಳನೆಯ ಬಾಬತ್ತಾಗಿ ಸೇರಿಸಿದರು.

ಉಳಿದದ್ದು ಹೊತ್ತಿನ ಪ್ರಶ್ನೆ. ಕಂಪ್ಯೂಟರಿನ ದಾಖಲೆಯಲ್ಲಿ ಲ್ಯಾಬ್ ನಿಂತ ಸೆಕೆಂಡೂ ಇತ್ತು, ಮತ್ತೆ ನಡೆದ ಸೆಕೆಂಡೂ ಇತ್ತು. ಐದು ನಿಮಿಷ ದಾಟಿತ್ತು.

“ಅಕ್ಕಾ, ನಾಲ್ಕೂವರೆ ಅಂದ್ಬುಡಿ,” ಶಿವಕಿರಣ್ ಮೆಲ್ಲಗೆ ಹೇಳಿದ. “ಚೆಲುವರಾಜುಗೇ ಗೊತ್ತಾಗಿಲ್ಲ. ಇಷ್ಟು ದಿನ ಪಟ್ಟ ಪಾಡೆಲ್ಲ ನೀರಲ್ಲಿ ಹೋಗುತ್ತೆ.”

ಧರಣಿ ಎದ್ದು ನೇರ ಚಂದ್ರಮೌಳಿಯವರ ಮೇಜಿನ ಮುಂದೆ ಹೋಗಿ ನಿಂತರು. ಒಂದು ಲ್ಯಾಬ್ ನಿಂತಿತ್ತು, ತಪ್ಪು ತನ್ನದು, ಈಗ ಸರಿಯಾಗಿದೆ ಎಂದರು. ಎಷ್ಟು ಹೊತ್ತು ಎಂದು ಚಂದ್ರಮೌಳಿ ಕೇಳಿದರು. ಧರಣಿ ಹೇಳಿದರು. ಚಂದ್ರಮೌಳಿ ಗಡಿಯಾರ ನೋಡಿ ಊಟಕ್ಕೆ ಹೋದರು. ಆ ಒಂದು ಗಂಟೆ ಧರಣಿಯವರ ಟಿಫಿನ್ ಡಬ್ಬಿ ಮುಚ್ಚಿದಂತೆಯೇ ಇತ್ತು.

ಊಟ ಮುಗಿಸಿ ಬಂದ ಚಂದ್ರಮೌಳಿ ಎಲ್ಲರನ್ನೂ ಕರೆದರು. “ಎರಡು ವರ್ಷದ ಹಿಂದೆ ಒಂದು ರಿಲೀಸ್‌ನಲ್ಲಿ ಲ್ಯಾಬುಗಳು ಒಂದೂವರೆ ದಿನ ನಿಂತಿದ್ವು. ಅವತ್ತು ಕೇಳ್ದಾಗ ಒಬ್ಬೊಬ್ರೂ ‘ಸ್ವಲ್ಪ ಹೊತ್ತು ಸಾರ್’ ಅಂದಿದ್ರಿ. ನಿಜ ಏನು ಅಂತ ಗೊತ್ತಾಗೋಕೆ ನಂಗೆ ಒಂದು ತಿಂಗಳು ಹಿಡೀತು. ಐದು ನಿಮಿಷದ ಷರತ್ತು ನಂದು, ನಾನೇ ತೆಗೀತೀನಿ. ಇನ್ಮೇಲೆ ಷರತ್ತು ಒಂದೇ. ಲ್ಯಾಬ್ ನಿಂತ್ರೆ, ನಿಂತಷ್ಟು ಹೊತ್ತನ್ನ ಅವತ್ತೇ ಹೇಳ್ಬೇಕು. ಹೇಳಿದವರನ್ನ ಯಾರೂ ಬಯ್ಯಂಗಿಲ್ಲ, ನನ್ನೂ ಸೇರಿಸಿ.”

ಈಗ ಆ ಆಫೀಸಿನಿಂದ ದಿನಕ್ಕೆ ನಾಲ್ಕೈದು ಬದಲಾವಣೆಗಳು ಹೋಗುತ್ತವೆ. ಬೆಳಿಗ್ಗೆ ಚೆಲುವರಾಜು ಹೇಳಿದ್ದು ಸಾಮಾನ್ಯವಾಗಿ ಸಂಜೆಯೊಳಗೆ ಅವರ ಲ್ಯಾಬ್ ತಲುಪಿರುತ್ತದೆ. ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ಕೋಡ್ ತೋರಿಸುವುದು ಶಿವಕಿರಣ್. ಅದಕ್ಕೂ ಮೊದಲು ಚಂದ್ರಮೌಳಿ ಅವರನ್ನು ಎದುರಿಗೆ ಕೂರಿಸಿಕೊಂಡು, ಆ ಗುರುವಾರ ಧರಣಿ ಹದಿನೇಳು ಜನರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದ ಮಾತನ್ನು ಹೇಳುತ್ತಾರೆ:

“ಐದು ದಾಟಿದೆ ಸಾರ್. ಆರು ನಿಮಿಷ ನಲವತ್ತು ಸೆಕೆಂಡು.”