ನೋಡುವವರ ಮುಂದೆ ನೇಯ್ಗೆ

ನಾನು ಅಂಗಿಗೆ ಗುಂಡಿ ಹಚ್ಚಲು ಕೂತಾಗಲೆಲ್ಲ ನನ್ನ ಹೆಂಡತಿ ಕೈಯಲ್ಲಿದ್ದ ಕೆಲಸ ಬಿಟ್ಟು ನೋಡುತ್ತ ನಿಲ್ಲುತ್ತಾಳೆ. ಆ ಕ್ಷಣದಿಂದ ಸೂಜಿಯ ಕಣ್ಣು ನನಗೆ ಕಾಣದು. ಒಬ್ಬನೇ ಇದ್ದಾಗ ಸಲೀಸಾಗಿ ದಾರ ಪೋಣಿಸುತ್ತೇನೆಂದರೆ ಸಾಕ್ಷಿ ಕೇಳುತ್ತಾಳೆ. ಸಾಕ್ಷಿ ಬಂದು ನಿಂತರೆ ದಾರ ಹೋಗುವುದಿಲ್ಲ. ಇದು ನನ್ನೊಬ್ಬನ ದೌರ್ಬಲ್ಯವಲ್ಲವೆಂಬ ಸಮಾಧಾನ ನನಗೆ ದೊರೆತದ್ದು ಮುಂಬಯಿ ಸರಕಾರದ ಕಾಲದಲ್ಲಿ, ಬನಹಟ್ಟಿಯ ನೇಕಾರರ ಓಣಿಯಲ್ಲಿ.

ನಾನಾಗ ಜಮಖಂಡಿಯ ಕಚೇರಿಯೊಂದರಲ್ಲಿ ಕಾರಕೂನ. ಪುಣೆಯಿಂದ ಅಂಕಿಸಂಖ್ಯೆಯ ಸಾಹೇಬರೊಬ್ಬರು ಬಂದರು. ಅವರ ಮರಾಠಿಗೂ ಓಣಿಯ ಕನ್ನಡಕ್ಕೂ ನಾನೇ ದುಭಾಷಿ. ನೇಕಾರರು ದುಡಿಯುವಾಗ ಆಡುವ ಮಾತಿನಿಂದ ನೇಯ್ಗೆ ಏರುತ್ತದೆಯೋ ಇಳಿಯುತ್ತದೆಯೋ ಎಂದು ಅಂದಾಜು ಕಟ್ಟುವುದು ಅವರ ವ್ರತ. ಚೌಕುಳಿ ಕಾಗದದ ಮೇಲೆ ಅಡ್ಡಕ್ಕೆ ಮಾತು, ಉದ್ದಕ್ಕೆ ಬಟ್ಟೆ ಎಂದು ಲೆಕ್ಕ ಹಿಡಿದು ಮನೆಗೊಂದು ಚುಕ್ಕೆಯಿಟ್ಟು ನಡುವೆ ಒಂದು ಗೆರೆ ಎಳೆಯುತ್ತಿದ್ದರು. ಬೀಗರ ಜಗಳದಲ್ಲಿ ಮಧ್ಯಸ್ಥನಾದ ಹಿರಿಯನಂತೆ ಆ ಗೆರೆ ಎಲ್ಲ ಚುಕ್ಕೆಗಳಿಗೂ ಸ್ವಲ್ಪ ಸ್ವಲ್ಪ ಅನ್ಯಾಯ ಮಾಡಿ ಒಟ್ಟಿನಲ್ಲಿ ನ್ಯಾಯ ಕೊಡುತ್ತಿತ್ತು. ನಗಬೇಡಿ, ಆಗ ನೂಲು ಸಿಗುತ್ತಿದ್ದದ್ದು ಸರಕಾರ ಹಂಚಿದ ಪಾಲಿನಲ್ಲಿ. ಗೆರೆ ಇಳಿದರೆ ಓಣಿಯ ನೂಲೂ ಇಳಿಯುತ್ತಿತ್ತು.

ಗೆರೆ ಇಳಿಯಿತು. ಅತಿಥಿ ಹೊಸ್ತಿಲು ದಾಟಿದೊಡನೆ ಮಗ್ಗದ ಕುಣಿಯಿಂದ ಕಾಲೆತ್ತಿ ಮೇಲೆ ಬಂದು, ನೀರು-ಬೆಲ್ಲ ಕೊಟ್ಟು, ಮಕ್ಕಳು-ಮರಿ ವಿಚಾರಿಸದೆ ಮತ್ತೆ ನೇಯಲು ಕೂರುವುದು ಆ ಓಣಿಯಲ್ಲಿ ಅಮರ್ಯಾದೆ. ಸಾಹೇಬರು ಬೆಲ್ಲ ತಿಂದರು, ಉತ್ತರ ಹೇಳಿದರು, ಮಗ್ಗ ನಿಂತದ್ದನ್ನು ಬರೆದುಕೊಂಡರು: ಮಾತು ಹೆಚ್ಚು, ಬಟ್ಟೆ ಕಡಿಮೆ. ಹೀಗಾದರೆ ನೂಲಿನ ಪಾಲು ಕತ್ತರಿಸಿಹೋಗುತ್ತದೆಂದು ನಾನು ಓಣಿಯ ಕಿವಿಗೆ ಹಾಕಿದೆ. ಮುಂದಿನ ಭೇಟಿಯಲ್ಲಿ ಯಾರೂ ತುಟಿ ಬಿಚ್ಚಕೂಡದೆಂದು ನಿರ್ಣಯವಾಯಿತು.

ಸಾಹೇಬರು ಮತ್ತೆ ಬಂದಾಗ ನೇಕಾರ ಮಲ್ಲಪ್ಪ ಮತ್ತು ಅವನ ತಮ್ಮ ಬಸಪ್ಪ ಅಕ್ಕಪಕ್ಕದ ಮಗ್ಗಗಳಲ್ಲಿ ಮುನಿಗಳಂತೆ ನೇಯುತ್ತಿದ್ದರು. ಆದರೆ ಅಣ್ಣತಮ್ಮಂದಿರು ಮಾತಿಲ್ಲದೆ ನೇಯುತ್ತಾರೆಂದರೆ ಅಲ್ಲಿ ಒಂದೇ ಅರ್ಥ: ಮನೆ ಒಡೆಯುತ್ತಿದೆ. ನಿರ್ಣಯ ತಿಳಿಯದ ಹಿಂದಿನ ಓಣಿಯ ಹಿರಿಯ ಗುರಪ್ಪಜ್ಜ, ಬರೀ ಮಗ್ಗದ ಸದ್ದು ಕೇಳಿ, ನಾಲ್ಕು ಜನರನ್ನು ಕಟ್ಟಿಕೊಂಡು ಬಂದೇಬಿಟ್ಟ.

“ಯಾಕ್ಲೇ ಮಲ್ಲ್ಯಾ, ತಮ್ಮನ ಜೋಡಿ ಮಾತ ಬಿಟ್ಟಿಯಲ್ಲ?”

“ಹಂಗೇನಿಲ್ಲಜ್ಜಾ. ಸಾಹೇಬ್ರು ಅಳತಿ ಹಾಕಾಕತ್ತಾರ.”

“ಮನಿ ನಡುವ ಗ್ವಾಡಿ ಕಟ್ಟಾಕ ಸರಕಾರದ ಅಳತಿನೂ ಬಂತೇನ? ಛಲೋ ಆತು ಬಿಡು.”

ಮಗ್ಗಗಳು ನಿಂತವು. ಪಂಚರು ಕೂತರು. ಆಡದ ಜಗಳಕ್ಕೆ ರಾಜಿಯಾಗುವಾಗ ಬಸಪ್ಪನಿಗೆ ಹಳೆಯ ಸಿಟ್ಟೊಂದು ನೆನಪಾಗಿ ನಿಜವಾದ ಜಗಳವೇ ಹುಟ್ಟಿತು. ಏನು ನಡೆದಿದೆಯೆಂದು ಸಾಹೇಬರು ಕೇಳಿದಾಗ, ಆ ಜಗಳವನ್ನು ಅನುವಾದಿಸಲಾರದೆ ನಾನು ತುಟಿ ಬಿಚ್ಚದ ನಿರ್ಣಯವನ್ನೂ ಸೇರಿಸಿ ನಡೆದದ್ದನ್ನೆಲ್ಲ ಹೇಳಿಬಿಟ್ಟೆ. ಅವರು ಚೌಕುಳಿ ಕಾಗದವನ್ನು ಮಡಚಿಟ್ಟರು. ಆಮೇಲೆ ಕಂಡಿಕೆಗೆ ನೂಲು ಸುತ್ತುತ್ತಿದ್ದ ಅಣ್ಣತಮ್ಮಂದಿರ ತಾಯಿ ಸಂಗವ್ವನನ್ನು, ಇವರು ಎಂದಿನಂತೆ ನೇಯುವುದು ಯಾವಾಗ ಎಂದು ನನ್ನಿಂದ ಕೇಳಿಸಿದರು.

“ನೀವು ಎದ್ದ ಹೋದ ಮ್ಯಾಲರಿ,” ಎಂದಳು ಸಂಗವ್ವ, ತಲೆ ಎತ್ತದೆ.

ಸಾಹೇಬರು ಎದ್ದರು. ಓಣಿಗೆ ಮತ್ತೆ ಕಾಲಿಡದೆ, ಸಂತೆಯ ದಿನ ವ್ಯಾಪಾರಿಯ ಅಂಗಡಿಗೆ ಬಂದ ಬಟ್ಟೆಯನ್ನೇ ಅಳೆದರು. ನೂಲಿನ ಪಾಲು ಉಳಿಯಿತು. ಗೆರೆ ಮೊದಲೂ ನೇರವಾಗಿಯೇ ಇತ್ತು, ನಾವು ಕೂತ ಜಾಗ ಸೊಟ್ಟಗಿತ್ತು ಎಂದು ಬಸ್ಸಿನಲ್ಲಿ ನನಗೆ ಮರಾಠಿಯಲ್ಲಿ ಹೇಳಿದರು. ಅದನ್ನು ಅನುವಾದಿಸಬೇಕಾದ ಜನ ಅಲ್ಲಿರಲಿಲ್ಲ.

ಮೊನ್ನೆ ಗುಂಡಿ ಹಚ್ಚಲು ಕೂತಾಗ ಈ ಕಥೆಯನ್ನೆಲ್ಲ ಹೇಳಿ ಹೆಂಡತಿಯನ್ನು ಒಳಗೆ ಕಳಿಸಿದೆ. ಅಡುಗೆಮನೆಯಿಂದ ಅವಳು ಬಿಡದೆ ಮಾತಾಡಿದಳು, ದಾರ ಸರಾಗವಾಗಿ ಹೋಯಿತು. ಕರೆದು ತೋರಿಸಿದೆ. “ನಾ ನೋಡೇ ಇಲ್ಲಲ್ಲ,” ಎಂದು ಪೋಣಿಸಿದ ದಾರವನ್ನು ಹೊರಗೆಳೆದು ಸೂಜಿಯನ್ನು ಮತ್ತೆ ನನ್ನ ಕೈಗಿಟ್ಟಳು.