ಶೈಸ್ತಾ ಮೇಡಂ ಕೇಳಿದ ಚಹಾ

ಶೈಸ್ತಾ ಮೇಡಂ ಅವರನ್ನು ನಾನು ಮೊದಲು ಕಂಡದ್ದು ಎರಡು ವರ್ಷದ ಹಿಂದೆ, ಶಹಾಬಾದದ ಸರಕಾರಿ ಆಸ್ಪತ್ರೆಯಲ್ಲಿ, ಒಂದು ಮಂಗಳವಾರ ಹನ್ನೆರಡರ ಸುಮಾರಿಗೆ. ಸೂಜಿ ಚುಚ್ಚುವ ಕೋಣೆಯ ಪಕ್ಕದಲ್ಲಿ ಒಂದು ಮೇಜು, ಎರಡು ಪ್ಲಾಸ್ಟಿಕ್ ಕುರ್ಚಿ. ಬೂದು ಬಣ್ಣದ ದುಪಟ್ಟಾ ಹೊದ್ದು ಹಸಿರು ಫೈಲಿನಲ್ಲಿ ಏನೋ ಬರೆಯುತ್ತಿದ್ದರು. ಅವರನ್ನು ಹುಡುಕಲು ನನಗೆ ಒಂದು ತಾಸು ಹಿಡಿದಿತ್ತು. ಮನೋರೋಗಿಗಳ ಮನೆಯವರೊಂದಿಗೆ ಮಾತಾಡುವ ಸಮಾಜ ಕಾರ್ಯಕರ್ತೆ ಅಲ್ಲಿದ್ದಾರೆಂದು ನಮ್ಮ ಕಾಲೇಜಿನಲ್ಲಿ ಹೇಳಿದ್ದರು. ಗೇಟಿನಲ್ಲಿ ಕೇಳಿದರೆ ವಾಚ್‌ಮನ್ ಕಾಶಪ್ಪ ಜಾತಿ ಸಂಘದವರೆಂದು ತಿಳಿದ.

"ಯಾವ ಸಮಾಜದಾಕಿ, ತಂಗಿ? ಸಮಾಜದ ಭವನ ಎಲ್ಲಾ ಸ್ಟೇಷನ್ ಕಡಿ ಅವ. ಅಲ್ಲಿ ಕೇಳು."

ಹೋದೆ. ಅಲ್ಲಿ ಮದುವೆ ನಡೆದಿತ್ತು. ಊಟಕ್ಕೆ ಕೂಡು ಎಂದರು. ಇದನ್ನು ಹೇಳಿದಾಗ ಮೇಡಂ ನಕ್ಕರು.

"ಉಂಡೇ ಬರಬೇಕಿತ್ತಲ್ಲಾ! ಕುಂದ್ರಿ. ಯಾರಿಗೆ ಏನಾಗ್ಯಾದ?"

ಆಗಿದ್ದು ನನ್ನ ಅಣ್ಣ ಭೀಮುವಿಗೆ. ಭಂಕೂರಿನಲ್ಲಿ ಕಲ್ಲು ಪಾಲಿಶ್ ಮಾಡುತ್ತಿದ್ದವನು ಎಂಟು ತಿಂಗಳಿಂದ ಕೋಣೆ ಸೇರಿದ್ದ. ವಿಷ ಹಾಕುತ್ತಾರೆಂದು ಅವ್ವನ ರೊಟ್ಟಿ ಮುಟ್ಟುತ್ತಿರಲಿಲ್ಲ. ದಿನಕ್ಕೊಮ್ಮೆ ತಾನೇ ಅನ್ನ ಮಾಡಿಕೊಂಡು ತಿನ್ನುತ್ತಿದ್ದ. ಎಲುಬು ಕಾಣುತ್ತಿದ್ದವು. ಕೈಕಾಲು ಕಟ್ಟಿ ಆಸ್ಪತ್ರೆಗೆ ಒಯ್ಯೋಣವೆಂದು ನಮ್ಮ ಮಾವ ದಿನ ಗೊತ್ತು ಮಾಡಿದ್ದ.

"ಕಟ್ಟಬ್ಯಾಡ್ರಿ. ಶುಕ್ರವಾರ ನಾನೇ ಬರ್ತೀನಿ" ಎಂದರು ಮೇಡಂ.

ಬಂದವರು ಅವ್ವ ಕೊಟ್ಟ ನೀರು ಕುಡಿದು, ಅಣ್ಣನ ಬಾಗಿಲ ಮುಂದೆ ಕೂತರು.

"ಭೀಮು ಅವರೇ, ವಾಡಿಯಾಗಿನ ನಮ್ಮ ಮನಿಯಿಂದ ಬಂದೀನಿ. ಬಿಸಿಲು ಭಾಳ ಅದ. ನಿಮ್ಮ ಕೈಲಿಂದ ಒಂದು ಕಪ್ ಚಾ ಸಿಗ್ತದೇನ್ರಿ?"

ಬಹಳ ಹೊತ್ತಿನ ಮೇಲೆ ಬಾಗಿಲು ತೆರೆಯಿತು. ಅಣ್ಣ ಯಾರನ್ನೂ ನೋಡದೆ ಚಹಾ ಮಾಡಿ ತಂದಿಟ್ಟ. ಮೇಡಂ ಪೂರ್ತಿ ಕುಡಿದರು.

"ಸಕ್ರಿ ಮರ್ತೀರಿ."

"ಸಕ್ರಿ ಅವ್ವನ ಡಬ್ಬ್ಯಾಗ ಅದ. ನಾ ಮುಟ್ಟಂಗಿಲ್ಲ."

"ಹಂಗಾರ ಮುಂದಿನ ವಾರ ನಾನೇ ತರ್ತೀನಿ ತಗೋರಿ."

ತಂದರು. ಪಾಕೀಟನ್ನು ಅಣ್ಣನೇ ಹರಿದ. ಮೂರನೆಯ ಶುಕ್ರವಾರ ಅವನು, "ನಿದ್ದಿ ಬರವಲ್ದು" ಎಂದ. ಡಾಕ್ಟರರಿಗೆ ಅದನ್ನಷ್ಟೇ ಹೇಳಿದರೆ ಸಾಕು ಎಂದರು ಮೇಡಂ. ಮರು ಮಂಗಳವಾರ ಅಣ್ಣ ನಮ್ಮ ಜೊತೆ ಆಟೋ ಹತ್ತಿ ಆಸ್ಪತ್ರೆಗೆ ಬಂದ.

ಗುಳಿಗೆ ಬರೆದುಕೊಟ್ಟ ಮೇಲೆ ಅವ್ವ ಮೇಡಂ ಅವರನ್ನು ಬದಿಗೆ ಕರೆದಳು. "ತಿನ್ನಲಿಲ್ಲಂದ್ರ ಅನ್ನದಾಗ ಕಲಸಿ ಕೊಡ್ಲೇನ್ರಿ, ತಿಳೀದಂಗ?"

"ಬ್ಯಾಡವ್ವಾ. ಒಮ್ಮೆ ಗೊತ್ತಾತಂದ್ರ ಅಂವ ಅಂದಿದ್ದೇ ಖರೆ ಆಗ್ತದ."

ಗುಳಿಗೆಯನ್ನು ಅಣ್ಣನ ಕೈಗೇ ಕೊಡಲಾಯಿತು. ಎರಡು ಸಲ ಬಿಟ್ಟ, ಮತ್ತೆ ಶುರು ಮಾಡಿದ. ಐದನೆಯ ತಿಂಗಳಲ್ಲಿ ಒಂದು ದಿನ ಅವ್ವನ ಪಕ್ಕ ಕೂತು ಬಿಸಿ ರೊಟ್ಟಿ ಮುರಿದು ತಿಂದ. ಈಗ ಅರ್ಧ ದಿನ ಕೆಲಸಕ್ಕೆ ಹೋಗುತ್ತಾನೆ. ಗುಳಿಗೆ ನಡೆದಿದೆ.

ಶೈಸ್ತಾ ಮೇಡಂ ಮಂಗಳವಾರ ಶಹಾಬಾದದಲ್ಲಿ, ಗುರುವಾರ ಚಿತ್ತಾಪುರದಲ್ಲಿ ಕೂರುತ್ತಾರೆ. ಶುಕ್ರವಾರ, ಆಸ್ಪತ್ರೆಗೆ ಬರಲು ಒಪ್ಪದವರ ಮನೆಗಳಿಗೆ ಹೋಗುತ್ತಾರೆ.