ಒಂದೇ ತೋಟಾ

ಸ್ಟ್ರೋಕ್ ಆದ ಮೇಲೆ ಅಪ್ಪನ ಬಾಯಿಂದ ಹೊರಟ ಮೊದಲ ಪದ 'ತೋಟಾ' ಎಂದು ನಾನು ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಅದು ನಿಜವಲ್ಲ. ಮೊದಲ ಪದ 'ಥೂ'. ಗಂಟಲಿಗೆ ಸಿಕ್ಕಿಕೊಳ್ಳದಿರಲಿ ಎಂದು ಪುಡಿ ಬೆರೆಸಿ ಗಟ್ಟಿ ಮಾಡಿ ನರ್ಸ್ ಚಮಚದಲ್ಲಿ ಕೊಟ್ಟ ನೀರನ್ನು ಉಗುಳಿ ಹಾಗೆ ಅಂದರು. ಅದು ಪದವೇ, ಬರೆದುಕೊಳ್ಳಿ ಎಂದು ನಾನು ಸ್ಪೀಚ್ ಥೆರಪಿಯ ಹುಡುಗಿಯ ಹತ್ತಿರ ಜಗಳವಾಡಲಿಲ್ಲ. 'ತೋಟಾ' ಬಂದಾಗ ಮಾತ್ರ ಆಡಿದೆ.

ಗುಂಡು ಎಂದು ಬರೆದರೆ ಸುಲಭವಾಗುತ್ತಿತ್ತು, ಆದರೆ ಹಾಗಂದರೆ ಅಪ್ಪನಿಗೆ ಸಿಟ್ಟು ಬರುತ್ತಿತ್ತು. ಹಾರಿ ಹೋಗುವುದು ಮಾತ್ರ ಗುಂಡು. ಹಿತ್ತಾಳೆಯ ಕೇಸು, ಒಳಗಿನ ಮದ್ದು, ತಳದ ಕ್ಯಾಪು, ತುದಿಯ ಗುಂಡು ನಾಲ್ಕೂ ಸೇರಿದರೆ ತೋಟಾ. ಮೈಸೂರಿನ ಪೊಲೀಸ್ ಶಸ್ತ್ರಾಗಾರದಲ್ಲಿ ಅವರು ಸರ್ವಿಸ್ ಪೂರ್ತಿ ಇದ್ದರು. ಬಂದೂಕು ಬಿಚ್ಚಿ ಎಣ್ಣೆ ಹಾಕುವುದು, ತೋಟಾ ಕೊಡುವುದು, ಖಾಲಿ ಕೇಸು ವಾಪಸು ತೆಗೆದುಕೊಳ್ಳುವುದು. ಮನುಷ್ಯರ ಮೇಲೆ ಒಂದನ್ನೂ ಹಾರಿಸಿದವರಲ್ಲ. ಹೊಸದಾಗಿ ಸೇರಿದ ಪ್ರತಿಯೊಬ್ಬ ಪೇದೆಗೂ ಅವರದು ಒಂದು ಪ್ರಶ್ನೆ ಇತ್ತಂತೆ: ಪಿಸ್ತೂಲಿಗೋ ರಿವಾಲ್ವರ್‌ಗೋ, ಜನ್ಮಕ್ಕೆಲ್ಲ ಒಂದೇ ನಮೂನೆ ತೋಟಾ ಇಟ್ಟುಕೋ ಅಂದರೆ ಯಾವುದು ಇಟ್ಟುಕೊಳ್ಳುತ್ತೀಯ?

ಅಮ್ಮ ತೀರಿಕೊಂಡ ಮೇಲೆ ಅಪ್ಪ ಸಿಡ್ನಿಯ ಕೆಲ್ಲಿವಿಲ್‌ಗೆ, ನನ್ನ ಮನೆಗೆ ಬಂದರು. ಬೆಳಿಗ್ಗೆ ನಾನು ಮೆಟ್ರೋ ಹತ್ತಿದರೆ ಮನೆಯಲ್ಲಿ ಅವರೊಬ್ಬರೇ. ಒಂದು ಭಾನುವಾರ ಕಾರಿನಲ್ಲಿ ಹೋಗುವಾಗ ಪಿಸ್ತೂಲ್ ಕ್ಲಬ್ಬಿನ ಬೋರ್ಡು ಕಂಡು, ನಿಲ್ಲಿಸು ಅಂದರು. ಅವರ ವೀಸಾದಲ್ಲಿ ಸದಸ್ಯರಾಗುವುದು ಆಗದ ಮಾತು. ನಾನು ಸೇರಿದೆ. ಅವರು ಬೇಲಿಯ ಆಚೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಿವಿಗೆ ಸದ್ದು ತಡೆಯುವ ಮಫ್ ಹಾಕಿಕೊಂಡು ಕೂತು ನನ್ನ ಮೊಣಕೈಯನ್ನು ನೋಡುತ್ತಿದ್ದರು.

ಇಲ್ಲಿಯ ಕಾನೂನಿನಲ್ಲಿ ಹೊಸಬರು ಮೊದಲ ಕೆಲವು ತಿಂಗಳು ಕ್ಲಬ್ಬಿನ ಪಿಸ್ತೂಲಿನಲ್ಲೇ ಕಲಿಯಬೇಕು. ಆಮೇಲೆ ಸ್ವಂತಕ್ಕೆ ಒಂದಕ್ಕೆ ಅರ್ಜಿ ಹಾಕಬಹುದು. ಆ ಒಂದು ಯಾವುದು, ಅದಕ್ಕೆ ಯಾವ ಅಳತೆಯ ತೋಟಾ ಎಂಬುದರ ಮೇಲೆ ನಮ್ಮ ಮನೆಯಲ್ಲಿ ಎಷ್ಟು ತಿಂಗಳು ಮಾತು ನಡೆಯಿತೋ. ಊಟದ ಮೇಜಿನಲ್ಲಿ ನಡೆಯಿತು ಎಂದು ನೆನಪು. ನನ್ನ ತಮ್ಮ ಮೆಲ್ಬರ್ನ್‌ನ ಟಾರ್ನೀಟ್‌ನಲ್ಲಿದ್ದಾನೆ. ಅವನು ಹೇಳುವ ಪ್ರಕಾರ ಅದು ನಡೆದಿದ್ದೆಲ್ಲ ಸ್ಪೀಕರ್ ಫೋನಿನಲ್ಲಿ, ಅವನ ತಲೆ ತಿಂದುಕೊಂಡು.

"ನಂಗೆ ಪಾಯಿಂಟ್ ಟೂಟೂ ಸಾಕು ಅಪ್ಪ. ಸದ್ದು ಕಮ್ಮಿ, ಕೈ ಒದೆಯಲ್ಲ."

"ಅದು ಇಲಿ ಹೊಡ್ಯಾಕೆ ಕಣವ್ವ."

"ಕ್ಲಬ್ಬಿನ ಯಜಮಾನರು ನೈನ್ ಎಂಎಂ ಅಂತಾರೆ. ಎಲ್ಲ ಕಡೆ ಸಿಗುತ್ತಂತೆ."

"ಸಿಗೋದೆಲ್ಲ ತಗೊಂಡ್ರೆ ಆಯ್ತಾ? ಪಿಸ್ತೂಲು ಸಿಕ್ಕಾಕ್ಕೊಂಡ್ರೆ ಎಳ್ದು ಬುಡುಸ್ಕೊಂಡು ಕೂತಿರು. ತ್ರೀಎಯ್ಟು ಹಾಕು, ರಿವಾಲ್ವರ್‌ಗೆ. ಕಮ್ಮಿ ಮದ್ದಾಕುದ್ರೆ ಮಕ್ಳೂ ಹೊಡೀಬೋದು, ಜಾಸ್ತಿ ಹಾಕುದ್ರೆ ಹುಚ್ಚ್ನಾಯಿ ಬೀಳ್ತದೆ. ಇಪ್ಪತ್ತು ವರ್ಷ ಸೀಲ್ ಮಾಡಿದ್ ಡಬ್ಬೀಲಿದ್ರೂ ಕೈ ಕೊಡಲ್ಲ. ಎಲ್ಲಾದ್ಕೂ ಒಂದೇ."

ಅಷ್ಟರಲ್ಲಿ ಫೋನಿನೊಳಗಿಂದ ತಮ್ಮ, "ಅಪ್ಪ, ಅಲ್ಲಿ ಹುಚ್ಚುನಾಯಿ ಇಲ್ಲ. ಹೊಡಿಯೋದು ಪೇಪರ್ ಮಾತ್ರ. ಪೇಪರ್‌ಗೆ ಯಾವುದಾದ್ರೂ ನಡೆಯುತ್ತೆ," ಎಂದ.

ಅವನು ಹೇಳಿದ್ದು ಸರಿ. ಅರ್ಜಿಯಲ್ಲಿ ಆತ್ಮರಕ್ಷಣೆ ಎಂದು ಬರೆದರೆ ಅಲ್ಲಿಗೇ ಮುಗಿಯಿತು. ಈ ದೇಶ ನನ್ನಂಥವರಿಗೆ ಪಿಸ್ತೂಲು ಕೊಡುವುದು ಕಾಗದಕ್ಕೆ ತೂತು ಮಾಡಲು ಮಾತ್ರ. ಎಲ್ಲದಕ್ಕೂ ಆಗುವ ಒಂದು ತೋಟಾ ಎಂಬ ಅಪ್ಪನ ಪ್ರಶ್ನೆಗೆ ಇಲ್ಲಿ ಅರ್ಥವೇ ಇರಲಿಲ್ಲ. ಬಹುಶಃ ಅದಕ್ಕೇ ಅದು ಮುಗಿಯದೆ ಉಳಿಯಿತು. ಅರ್ಜಿಯಲ್ಲಿ ತೋಟಾದ ಅಳತೆ ಕೇಳುವ ಖಾನೆಯನ್ನು ನಾನು ತುಂಬಲಿಲ್ಲ.

ಸ್ಟ್ರೋಕ್ ಆಗಿದ್ದು ಬೆಳಿಗ್ಗೆ, ಮನೆಯ ಲಾಂಡ್ರಿ ಕೋಣೆಯಲ್ಲಿ ಬಟ್ಟೆ ಮಡಚುವಾಗ. ಬಲಗೈ ಹೋಯಿತು, ಮಾತು ಹೋಯಿತು. ನಾವು ಹೇಳಿದ್ದು ಹೆಚ್ಚುಕಮ್ಮಿ ಅರ್ಥವಾಗುತ್ತದೆ, ಹೇಳಬೇಕೆಂದಿದ್ದು ಹೊರಗೆ ಬರುವುದಿಲ್ಲ ಎಂದು ಡಾಕ್ಟರ್ ವಿವರಿಸಿದರು. ಮೊದಲ ಕೆಲವು ತಿಂಗಳಲ್ಲಿ ಬಂದಷ್ಟು ಮಾತು ಆಮೇಲೆ ಬರುವುದು ಕಷ್ಟ. ಸುಧಾರಣೆ ಕಾಣದಿದ್ದರೆ ಥೆರಪಿ ವಾರ್ಡಿನ ಹಾಸಿಗೆಯನ್ನು ಇನ್ನೊಬ್ಬರಿಗೆ ಕೊಡಬೇಕಾಗುತ್ತದೆ. ಇದನ್ನು ಅವರು ಮೆತ್ತಗೆ ಹೇಳಿದರು. ಮೆತ್ತಗೆ ಹೇಳಿದ್ದರಿಂದ ನನಗೆ ಇನ್ನೂ ಭಯವಾಯಿತು.

"ನಿಮ್ಮ ತಂದೆಗೆ ತುಂಬಾ ಗೊತ್ತಿರುವ ವಿಷಯ ಎತ್ತಿ," ಎಂದು ಥೆರಪಿಯ ಹುಡುಗಿ ಇಂಗ್ಲಿಷಿನಲ್ಲಿ ಹೇಳಿದಳು. "ಬಾಯಿಗೆ ಅಭ್ಯಾಸವಾಗಿರುವ ಪ್ರಶ್ನೆ ಇದ್ದರೆ ಇನ್ನೂ ಒಳ್ಳೆಯದು. ಫೋನಿನಲ್ಲಿ ರೆಕಾರ್ಡ್ ಮಾಡಿ, ನಾನು ಕೇಳುತ್ತೇನೆ."

ದಿನಾ ಮಧ್ಯಾಹ್ನ ಆಫೀಸಿನಿಂದ ಬೇಗ ಹೊರಟು ಬರುತ್ತಿದ್ದೆ. ಕುರ್ಚಿ ಎಳೆದುಕೊಂಡು, ಫೋನನ್ನು ಹಾಸಿಗೆಯ ಮೇಲಿಟ್ಟು ಕೇಳುತ್ತಿದ್ದೆ. "ಅಪ್ಪ, ಒಂದೇ ತೋಟಾ ಇಟ್ಕೊಬೇಕು ಅಂದ್ರೆ ಯಾವುದು?"

ಎರಡನೆಯ ವಾರವೋ ಮೂರನೆಯದೋ, ತುಟಿಯ ಎಡ ಮೂಲೆ ಎಳೆದುಕೊಂಡು, ಕತ್ತಿನ ನರ ಉಬ್ಬಿ, "ತೋಟ" ಬಂತು. ಕೆಲವು ದಿನದ ಮೇಲೆ "ಒಂದು ತೋಟ". ಆಮೇಲೆ "ಸಾಕು". ನಾನು ಕಾರಿಡಾರಿಗೆ ಹೋಗಿ ಅತ್ತು ಬಂದೆ. ತಮ್ಮನಿಗೆ ಫೋನ್ ಮಾಡಿ, ಅಪ್ಪ ತ್ರೀಎಯ್ಟು ಅಂದ್ರು ಎಂದೆ.

ಒಂದು ದಿನ ಮೀಟಿಂಗಿನಿಂದ ತಡವಾಗಿ ಬಂದರೆ ಹಾಸಿಗೆ ಖಾಲಿ. ನರ್ಸ್ ಕಿಟಕಿಯ ಕಡೆ ಕೈ ತೋರಿಸಿದಳು. ಕೆಳಗೆ ಆಸ್ಪತ್ರೆಯ ಗಾರ್ಡನ್‌ನಲ್ಲಿ, ಗುಲಾಬಿ ಗಿಡಗಳ ಮುಂದೆ, ವೀಲ್‌ಚೇರಿನಲ್ಲಿ ಅಪ್ಪ. ಕಾಲಿನ ಮೇಲೆ ಹೊದಿಕೆ. ಮುಖ ಗಂಟು ಹಾಕಿಕೊಂಡಿದ್ದರು. ಗುಲಾಬಿಯ ಕಡೆ ನೋಡುತ್ತಲೇ ಇರಲಿಲ್ಲ. ಪಕ್ಕದಲ್ಲಿ ಥೆರಪಿಯ ಹುಡುಗಿ ಖುಷಿಯಾಗಿ ನಿಂತಿದ್ದಳು. ಕೆಳಗಿಳಿದು ಹೋಗಿ ಕೇಳಿದೆ. ಅವತ್ತು ಫೋನಿನಲ್ಲಿ ಕನ್ನಡದ ಇಂಟರ್‌ಪ್ರೆಟರ್ ಸಿಕ್ಕಿದ್ದರಂತೆ. ಅಪ್ಪ ಹೇಳುತ್ತಿರುವುದು 'ಗಾರ್ಡನ್' ಎಂದು ಆಕೆ ಹೇಳಿದರಂತೆ. ಒಂದು ಗಾರ್ಡನ್ ಸಾಕಂತೆ. ಅದಕ್ಕೇ ಕರೆದುಕೊಂಡು ಬಂದೆವು ಎಂದಳು.

ನಾನು ನಕ್ಕುಬಿಟ್ಟೆ. ಗಾರ್ಡನ್ ಅಲ್ಲ, ಕಾರ್ಟ್ರಿಡ್ಜ್ ಎಂದೆ. ಪ್ರಿಂಟರಿನದಾ ಎಂದಳು. ಅಲ್ಲ, ಪಿಸ್ತೂಲಿನದು ಎಂದೆ. ಅವಳ ಮುಖ ಬದಲಾಯಿತು.

ಮಾರನೆಯ ದಿನ ಸೋಷಿಯಲ್ ವರ್ಕರ್ ಬಂದು ನನ್ನನ್ನು ಬೇರೆ ಕೋಣೆಗೆ ಕರೆದರು. ಮನೆಯಲ್ಲಿ ಬಂದೂಕು ಇದೆಯೇ? ತಂದೆ ತಮಗೆ ತಾವೇ ಏನಾದರೂ ಮಾಡಿಕೊಳ್ಳುವ ಮಾತಾಡಿದ್ದಾರೆಯೇ? ಒಂದು ಸಾಕು ಎಂದರೆ ಏನರ್ಥ? ಶಸ್ತ್ರಾಗಾರ, ಪೇದೆಗಳು, ಕ್ಲಬ್ಬು, ತುಂಬದ ಅರ್ಜಿ, ಎಲ್ಲವನ್ನೂ ಹೇಳಿದೆ. ಹೇಳುತ್ತಾ ಹೇಳುತ್ತಾ ನನ್ನ ಕಥೆ ಎಷ್ಟು ಅಚ್ಚುಕಟ್ಟಾಗಿದೆ ಎಂದು ನನಗೇ ಅನ್ನಿಸಿತು. ಕೊನೆಗೆ ಅವರು ನಂಬಿದರು. ವಿಷಯ ಯಾವುದಾದರೂ ಪರವಾಗಿಲ್ಲ, ಮಾತು ಬರುತ್ತಿದೆಯಲ್ಲ, ಮುಂದುವರಿಸಿ ಎಂದರು. ಅಪ್ಪನ ಫೈಲಿನಲ್ಲಿ ಆ ಪದ, ನಾನು ಕೊಟ್ಟ ಅರ್ಥದ ಸಮೇತ, ಸೇರಿತು.

ತಮ್ಮ ಆ ವಾರ ಟಾರ್ನೀಟ್‌ನಿಂದ ಫೋನ್ ಮಾಡಿದ. ಗಾರ್ಡನ್ ಕಥೆಯನ್ನು ಜೋಕಿನ ಹಾಗೆ ಹೇಳಿದೆ. ಅವನು ನಗಲಿಲ್ಲ.

"ಅಕ್ಕ, ಆ ರೆಕಾರ್ಡಿಂಗ್ ಒಂದು ಕಳ್ಸು."

ಕಳಿಸಿದೆ. ಹತ್ತು ನಿಮಿಷಕ್ಕೆ ಮತ್ತೆ ಫೋನ್.

"ಅದು ತೋಟಾ ಅಲ್ಲ ಕಣೇ. ತೋಟ. ದೊಡ್ಡಪ್ಪನ ತೋಟ."

ಮದ್ದೂರಿನ ಹತ್ತಿರ ದೊಡ್ಡಪ್ಪನಿಗೊಂದು ತೆಂಗಿನ ತೋಟ ಇದೆ. ಅದರ ಮೂಲೆಯಲ್ಲಿ ಅಮ್ಮನನ್ನು ಮಣ್ಣು ಮಾಡಿದ್ದು. ನಮ್ಮ ಕಡೆ ಹಾಗೇ, ಮನೆತನದ ತೋಟದಲ್ಲಿ. ಕಲ್ಲು ಕಟ್ಟಿಸುವಾಗ ಅಪ್ಪ ಪಕ್ಕದಲ್ಲಿ ಜಾಗ ಬಿಡಿಸಿದ್ದರು.

"ಕೊನೇಲಿ ದೀರ್ಘ ಇದೆ, ಸರಿಯಾಗಿ ಕೇಳು," ಎಂದೆ.

"ಅಕ್ಕ, ಅವ್ರ ಬಾಯಿ ಒಂದು ಕಡೆ ಜೋತಿದೆ. ಹ್ರಸ್ವ ದೀರ್ಘ ಎಲ್ಲಿಂದ ಬರುತ್ತೆ? ನೀನು ಕನ್ನಡ ಮೇಷ್ಟ್ರು ಥರ ಆಡ್ಬೇಡ."

"ನಾನು ಕೇಳಿದ್ದು ತೋಟಾ. ಅವ್ರು ಅದಕ್ಕೆ ಉತ್ತರ ಕೊಡ್ತಿದಾರೆ."

"ನಿನ್ನ ಪ್ರಶ್ನೆ ಅವ್ರಿಗೆ ಹೇಗೆ ಕೇಳ್ಸಿರಬೇಕು, ಯೋಚ್ನೆ ಮಾಡಿದೀಯ?"

ನಾನು ಯೋಚಿಸಿರಲಿಲ್ಲ. ಆಮೇಲೂ ಯೋಚಿಸಲಿಲ್ಲ ಎಂದು ಬರೆಯುವುದು ಸುಳ್ಳಾಗುತ್ತದೆ. ಮೆಟ್ರೋದಲ್ಲಿ ಕೂತು, ಫೋನನ್ನು ಕಿವಿಗೆ ಒತ್ತಿಕೊಂಡು, ಆ ಒಂದು ಅಕ್ಷರವನ್ನು ಮತ್ತೆ ಮತ್ತೆ ಕೇಳಿದೆ. ಒಂದು ಸಲ ದೀರ್ಘ ಇರುತ್ತಿತ್ತು, ಇನ್ನೊಂದು ಸಲ ಇರುತ್ತಿರಲಿಲ್ಲ. ತೋಟಾ ಆದರೆ ಅಪ್ಪ ವಾಪಸು ಬರುತ್ತಿದ್ದಾರೆ. ತೋಟ ಆದರೆ ಹೋಗುತ್ತೇನೆ ಎನ್ನುತ್ತಿದ್ದಾರೆ, ಅದೂ ಇಷ್ಟು ವಾರದಿಂದ, ದಿನಾ, ನನ್ನ ಮುಖ ನೋಡಿಕೊಂಡು. ಥೆರಪಿಯ ಹುಡುಗಿ ಚಿತ್ರದ ಕಾರ್ಡುಗಳನ್ನು ಮುಂದಿಟ್ಟು ಬೆರಳು ತೋರಿಸಲು ಹೇಳುತ್ತಿದ್ದಳು. ನಾನೂ ಟೂಟೂ, ತ್ರೀಎಯ್ಟು, ನೈನ್ ಎಂಎಂ ಮೂರರ ಚಿತ್ರವನ್ನು ಪ್ರಿಂಟ್ ಮಾಡಿಕೊಂಡೆ. ಅಮ್ಮನ ಕಲ್ಲಿನ ಫೋಟೋವನ್ನೂ ಮಾಡಿದೆ. ಮೂರನ್ನು ಹಾಸಿಗೆಯ ಮೇಲಿಟ್ಟೆ. ನಾಲ್ಕನೆಯದು ಬ್ಯಾಗಿನಲ್ಲೇ ಉಳಿಯಿತು. ಅಪ್ಪ ಮೂರನ್ನೂ ಎಡಗೈಯಲ್ಲಿ ಒಟ್ಟು ಮಾಡಿ, ಅಂಚು ಸರಿಮಾಡಿ, ನನ್ನ ಕೈಗೆ ಕೊಟ್ಟರು. ಶಸ್ತ್ರಾಗಾರಕ್ಕೆ ವಾಪಸು ಕೊಡುವ ಹಾಗೆ ಕೊಟ್ಟರು ಎಂದು ತಮ್ಮನಿಗೆ ಹೇಳಿದೆ. ಹೇಗೆ ಕೊಟ್ಟರು ಎಂಬುದು ಈಗ ನನಗೆ ಗೊತ್ತಿಲ್ಲ. ಕೊಟ್ಟರು, ಅಷ್ಟೆ.

ಆಸ್ಪತ್ರೆಯವರು ಫ್ಯಾಮಿಲಿ ಮೀಟಿಂಗ್ ಕರೆದರು. ತಮ್ಮ ಬೆಳಗಿನ ಫ್ಲೈಟ್ ಹಿಡಿದು ಬಂದ. ದುಂಡು ಮೇಜು, ಡಾಕ್ಟರ್, ಥೆರಪಿಯ ಹುಡುಗಿ, ನಾವಿಬ್ಬರು, ವೀಲ್‌ಚೇರಿನಲ್ಲಿ ಅಪ್ಪ. ಅವತ್ತು ಇಂಟರ್‌ಪ್ರೆಟರ್ ಲೈನ್ ಸಿಗಲಿಲ್ಲ. ಮಕ್ಕಳಿಬ್ಬರೂ ಇದ್ದೀರಲ್ಲ, ಶುರು ಮಾಡೋಣ ಎಂದರು ಡಾಕ್ಟರ್.

ಎರಡು ದಾರಿ ಇವೆ ಎಂದು ಅವರು ಹೇಳಿದರು. ಇನ್ನೂ ಆರು ವಾರ ಇಲ್ಲೇ ಥೆರಪಿ ಮಾಡಬಹುದು. ಮಾತು ಎಷ್ಟು ಬರುತ್ತದೆಂದು ಹೇಳಲಾಗದು. ಅಥವಾ ಈಗಲೇ, ಜೊತೆಗೆ ನರ್ಸ್ ಕರೆದುಕೊಂಡು, ಇಂಡಿಯಾಗೆ ಹೋಗಬಹುದು. ವಿಮಾನದಲ್ಲಿ ಅಪಾಯ ಇದೆ. ತಡ ಮಾಡಿದರೆ ಆ ದಾರಿ ಮುಚ್ಚಿಹೋಗಬಹುದು, ಹೃದಯ ದಿನದಿಂದ ದಿನಕ್ಕೆ ದುರ್ಬಲವಾಗುತ್ತಿದೆ. "ಅವರಿಗೆ ಏನು ಬೇಕು ಎಂದು ಅವರಿಂದಲೇ ಕೇಳಬೇಕು," ಎಂದರು.

ನಾನು ಅಪ್ಪನ ಕಡೆ ತಿರುಗಿದೆ. "ಅಪ್ಪ, ನಿಮಗೆ ಏನ್ ಬೇಕು?"

ಇಷ್ಟು ವಾರದಲ್ಲಿ ಈ ಪ್ರಶ್ನೆಯನ್ನು ನಾನು ಒಂದು ಸಲವೂ ಕೇಳಿರಲಿಲ್ಲ ಎಂದು ಆಗಲೇ ಹೊಳೆದದ್ದು.

ಅಪ್ಪ ಡಾಕ್ಟರನ್ನು ನೋಡಿದರು, ತಮ್ಮನನ್ನು ನೋಡಿದರು. ಕತ್ತಿನ ನರ ಉಬ್ಬಿತು. "ತೋಟ," ಎಂದರು. ತಡೆದು, ಉಸಿರೆಳೆದುಕೊಂಡು, "ಒಂದು. ತೋಟ."

ಎಲ್ಲರೂ ನನ್ನ ಕಡೆ ನೋಡಿದರು.

"ಕಾರ್ಟ್ರಿಡ್ಜ್," ಎಂದೆ ನಾನು. "ನಮ್ಮ ಅಭ್ಯಾಸದ ಪ್ರಶ್ನೆ. ಅವರು ಮುಂದುವರಿಸಲು ಇಷ್ಟಪಡುತ್ತಾರೆ."

ಥೆರಪಿಯ ಹುಡುಗಿ ಮುಗುಳ್ನಕ್ಕಳು. ಡಾಕ್ಟರ್ ಬರೆದುಕೊಂಡರು. ತಮ್ಮ ಮೇಜಿನ ಮೇಲಿದ್ದ ಪೇಪರ್ ಕಪ್ಪಿನ ಅಂಚನ್ನು ಬಿಚ್ಚುತ್ತಾ ಕೂತಿದ್ದ. ಅಪ್ಪನಿಗೆ ನಮ್ಮ ಇಂಗ್ಲಿಷ್ ಅರ್ಥವಾಗುತ್ತದೆ, ಕಾರ್ಟ್ರಿಡ್ಜ್ ಎಂಬ ಪದವಂತೂ ಎಲ್ಲರಿಗಿಂತ ಚೆನ್ನಾಗಿ ಅರ್ಥವಾಗುತ್ತದೆ. ಅವರು ನನ್ನನ್ನೇ ನೋಡುತ್ತಿದ್ದರು ಎಂದು ತಮ್ಮ ಆಮೇಲೆ ಹೇಳಿದ. ನಾನು ಅತ್ತ ನೋಡಲಿಲ್ಲ.

ಪಾರ್ಕಿಂಗ್‌ನಲ್ಲಿ ಕಾರಿಗೆ ಹತ್ತಿ ಕೂತೆವು. ನಾನು ಬೆಲ್ಟ್ ಹಾಕಿಕೊಂಡೆ. ಅವನು ಹಾಕಿಕೊಳ್ಳಲಿಲ್ಲ.

"ಯಾವ ತೋಟಾ ಅಂತ ಡಾಕ್ಟರ್ ಕೇಳಿದ್ರೆ ಏನ್ ಹೇಳ್ತಿದ್ದೆ?"

"ತ್ರೀಎಯ್ಟು. ಅಪ್ಪ ಹೇಳಿದ್ದು ಅದೇ."

"ಯಾವತ್ತು ಹೇಳಿದ್ರು? ತೋರ್ಸು."

ಫೋನ್ ತೆಗೆದೆ. ಬೇಗ ಸಿಗುತ್ತದೆ ಅಂದುಕೊಂಡಿದ್ದೆ. ಎರಡನೆಯ ವಾರ, ಮೂರನೆಯದು, ಐದನೆಯದು. ಒಂದೊಂದನ್ನೇ ಹಾಕಿದೆವು. ಎಲ್ಲದರಲ್ಲೂ ಮೊದಲು ನನ್ನ ಪ್ರಶ್ನೆ. ಆಮೇಲೆ ಉದ್ದ ಮೌನ, ಟ್ರಾಲಿಯ ಸದ್ದು, ಅಪ್ಪನ ಉಸಿರು. ತೋಟ. ಒಂದು ತೋಟ. ಸಾಕು. ಕೂಡಲೇ ಒಂದು ಹೆಂಗಸಿನ ಧ್ವನಿ, ಚಿಕ್ಕ ಮಕ್ಕಳ ಹತ್ತಿರ ಆಡುವಂಥ ಧ್ವನಿ, "ತ್ರೀಎಯ್ಟಾ ಅಪ್ಪ? ತ್ರೀಎಯ್ಟು ಅಂದ್ರಾ? ಗುಡ್, ಗುಡ್" ಎನ್ನುತ್ತದೆ. ಅಪ್ಪನ "ಹ್ಞೂಂ" ಕೂಡ ಒಂದರಲ್ಲೂ ಇರಲಿಲ್ಲ. ಅವರ ಧ್ವನಿಯಲ್ಲಿ ಆ ನಂಬರು ನನಗೆ ಈಗಲೂ ಕೇಳಿಸುತ್ತದೆ, ಎಡಗಡೆ ಎಳೆದುಕೊಂಡ ಹಾಗೆ, ಕೊನೆಯ ಅಕ್ಷರ ನುಂಗಿಕೊಂಡು. ಫೋನಿನಲ್ಲಿ ಮಾತ್ರ ಇಲ್ಲ.

ಕೊನೆಯದು ಮುಗಿದ ಮೇಲೆ ತಮ್ಮ ಬಾಗಿಲ ಹಿಡಿಗೆ ಕೈ ಹಾಕಿದ.

"ಡಾಕ್ಟರ್ ಇನ್ನೂ ಮೇಲೇ ಇರ್ತಾರೆ. ಬಾ, ಹೇಳಣ."

"ಪ್ಲೇನಲ್ಲೇ ಏನಾದ್ರೂ ಆದ್ರೆ?"

"ಆಗ್ಬೋದು."

"ಆರು ವಾರ, ಅಷ್ಟೇ ಕಣೋ. ಮಾತು ಬಂದ್ಮೇಲೆ ಅವ್ರನ್ನೇ ಕೇಳಣ."

"ಬಂದಿದೆಯಲ್ಲಕ್ಕ," ಎಂದ ಅವನು. "ಬಂದಿರೋದು ಅದೇ."

ಅವನು ಬಾಗಿಲು ತೆಗೆದು ಇಳಿದ. ಲಿಫ್ಟಿನ ಕಡೆ ನಡೆದ. ಒಂದು ಸಲ ನಿಂತು ಕಾರಿನ ಕಡೆ ತಿರುಗಿದ. ನನ್ನ ಕೈ ಬೆಲ್ಟಿನ ಗುಂಡಿಯ ಮೇಲಿತ್ತು. ಒತ್ತಿದೆನೆಂದು ನನ್ನ ನೆನಪು. ಆದರೆ ಮೇಲೆ ಹೋಗಿ ಡಾಕ್ಟರಿಗೆ ಹೇಳಿದ್ದು ತಮ್ಮ ಒಬ್ಬನೇ.